ಬಿಲ್ಲಿ ಹಾಲಿಡೇ: ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ

ಕಳೆದ ತಿಂಗಳು ನಮ್ಮ ಮಂಡಳದ ಸಭೆಯಲ್ಲಿ ದಲಿತ ಸಾಹಿತ್ಯದ ಮೇಲೆ ಚರ್ಚೆ ನಡೆದದ್ದು ನಿಮಗೆ ನೆನಪಿರಬಹುದು. ೧೯೭೨ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಸಂಘಟನೆ ತನ್ನ ಹೆಸರನ್ನು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡಿತು ಎಂಬ ಮಾತು ಬಂತು. ಆಗ ಒಬ್ಬ ಮಿತ್ರರು ಎದ್ದು, "ಅವರ ಹೋರಾಟ ಗೊತ್ತು, ಅವರ ಕವಿತೆ ಗೊತ್ತು. ಆದರೆ ಅವರ ಸಂಗೀತ ಅಂದರೆ ಹೋಟೆಲಿನಲ್ಲಿ ಕುಣಿಯೋರಿಗೆ ಬಾರಿಸೋದೇ ತಾನೇ?" ಅಂತ ಕೇಳಿದರು. ನಾನು ಉತ್ತರ ಕೊಡಲು ಹೋಗಿ ತೊದಲಿದೆ. ಹೇಳಬೇಕಾಗಿದ್ದ ಮಾತೆಲ್ಲ ಹೊಳೆದದ್ದು ಮನೆಗೆ ಹೋಗುವಾಗ, ಲೋಕಲ್ ಗಾಡಿಯ ಬಾಗಿಲ ಹತ್ತಿರ ನಿಂತುಕೊಂಡು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಂಗೀತ ಕಲಿತವನಲ್ಲ, ಕೇಳಿದವನು ಮಾತ್ರ. ಅಷ್ಟು ರಿಯಾಯಿತಿ ಕೊಟ್ಟು ಓದಬೇಕು.

ಮಿತ್ರರ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಜಾಝ್ ಹೋಟೆಲುಗಳಲ್ಲಿ, ಕುಡಿಯುವ ಜಾಗಗಳಲ್ಲಿ, ಕುಣಿಯುವ ಅಂಗಳಗಳಲ್ಲಿ ಬೆಳೆದ ಸಂಗೀತವೇ. ೧೯೩೫ರಲ್ಲಿ ನಮ್ಮ ತಾಜ್ ಹೋಟೆಲಿಗೆ ಲಿಯಾನ್ ಅಬ್ಬೆ ಎಂಬ ಕರಿಯ ಸಂಗೀತಗಾರ ತನ್ನ ವಾದ್ಯವೃಂದ ತಂದು ಬಾರಿಸಿದ್ದೂ ಕುಣಿಯುವವರಿಗಾಗಿಯೇ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿ ಟೆಡ್ಡಿ ವಿಲ್ಸನ್ ಎಂಬ ಪಿಯಾನೋ ವಾದಕನ ಜೊತೆ ಕೆಲವು ಹಾಡು ಮುದ್ರಿಸಿದಳು. ಅವೂ ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗಳಿಗಾಗಿ ಮಾಡಿದ ಅಗ್ಗದ ತಟ್ಟೆಗಳು. ಆ ಹುಡುಗಿಯೇ ಬಿಲ್ಲಿ ಹಾಲಿಡೇ.

ಹುಟ್ಟಿದ್ದು ೧೯೧೫ರ ಏಪ್ರಿಲ್ ೭, ಫಿಲಡೆಲ್ಫಿಯಾದಲ್ಲಿ; ಬೆಳೆದದ್ದು ಬಾಲ್ಟಿಮೋರಿನಲ್ಲಿ. ಇಟ್ಟ ಹೆಸರು ಎಲಿಯನೋರಾ. ಅಪ್ಪ ಕ್ಲಾರೆನ್ಸ್ ಹಾಲಿಡೇ ಗಿಟಾರ್ ಬಾರಿಸುವವನು, ಮನೆಯ ಕಡೆ ತಲೆ ಹಾಕಿದವನಲ್ಲ. ಅಮ್ಮ ಸೇಡೀ ಕೆಲಸ ಹುಡುಕಿಕೊಂಡು ಊರೂರು ಅಲೆಯುವವಳು. ಮಗು ಯಾರ್‍ಯಾರದೋ ಮನೆಯಲ್ಲಿ ಬೆಳೆಯಿತು. ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಗೆ ಚಕ್ಕರ್ ಹೊಡೆದದ್ದಕ್ಕೆ ಅವಳನ್ನು ಕ್ಯಾಥೊಲಿಕ್ ಸಂನ್ಯಾಸಿನಿಯರು ನಡೆಸುವ ಸುಧಾರಣಾ ಗೃಹಕ್ಕೆ ಹಾಕಿದರು. ಹನ್ನೊಂದನೆಯ ವಯಸ್ಸಿನಲ್ಲಿ ನೆರೆಯವನೊಬ್ಬ ಅವಳ ಮೇಲೆ ಬಲಾತ್ಕಾರ ಮಾಡಿದ. ಅವನಿಗೆ ಜೈಲಾಯಿತು ನಿಜ. ಆದರೆ ಅವಳನ್ನೂ, ಸಾಕ್ಷಿ ಎಂಬ ಹೆಸರಿನಲ್ಲಿ, ಮತ್ತೆ ಅದೇ ಗೃಹಕ್ಕೆ ಸೇರಿಸಿದರು. ಈ ಒಂದು ಸಂಗತಿ ಅವಳ ಬಾಳಿನಲ್ಲಿ ಮುಂದೆಯೂ ಬೇರೆ ಬೇರೆ ವೇಷದಲ್ಲಿ ಬಂದುಹೋಗುತ್ತದೆ.

ವೇಶ್ಯಾಗೃಹವೊಂದರಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡಿದ್ದಾಗ ಅಲ್ಲಿಯ ಗ್ರಾಮಫೋನಿನಲ್ಲಿ ಅವಳು ಲೂಯಿ ಆರ್ಮ್‌ಸ್ಟ್ರಾಂಗನನ್ನೂ ಬೆಸ್ಸಿ ಸ್ಮಿತ್‌ಳನ್ನೂ ಕೇಳಿದಳು. ಅವಳ ಸಂಗೀತ ಪಾಠ ಅಷ್ಟೇ. ಸ್ವರಲಿಪಿ ಓದಲು ಕೊನೆಯವರೆಗೂ ಬರಲಿಲ್ಲ. ಹದಿನಾಲ್ಕರ ಸುಮಾರಿಗೆ ಅಮ್ಮನ ಹಿಂದೆ ನ್ಯೂಯಾರ್ಕಿನ ಹಾರ್ಲೆಂಗೆ ಬಂದಳು. ಅಲ್ಲಿ ಮೈಮಾರುವ ದಂಧೆಗೂ ಇಳಿಯಬೇಕಾಯಿತು, ಅದಕ್ಕಾಗಿ ಸೆರೆಗೂ ಹೋಗಬೇಕಾಯಿತು. ಹೊರಗೆ ಬಂದ ಮೇಲೆ ಹಾಡತೊಡಗಿದಳು. ತನಗೆ ಇಷ್ಟದ ಸಿನಿಮಾ ನಟಿ ಬಿಲ್ಲಿ ಡವ್‌ಳಿಂದ ಮೊದಲ ಹೆಸರು, ಬಿಟ್ಟುಹೋದ ಅಪ್ಪನಿಂದ ಎರಡನೆಯ ಹೆಸರು. ಅಪ್ಪ ಕೊಡದೆ ಹೋದದ್ದನ್ನು ಮಗಳು ತಾನೇ ತೆಗೆದುಕೊಂಡಳು ಅನ್ನಿ.

ಇಲ್ಲೊಂದು ಎಚ್ಚರಿಕೆಯ ಮಾತು. ೧೯೫೬ರಲ್ಲಿ ವಿಲಿಯಂ ಡಫ್ಟಿ ಎಂಬ ಪತ್ರಕರ್ತನ ಜೊತೆ ಸೇರಿ ಅವಳು ಆತ್ಮಕಥೆ ಪ್ರಕಟಿಸಿದಳು. ಬಹಳ ಜನ ಅದನ್ನೇ ವೇದವಾಕ್ಯ ಅಂದುಕೊಂಡಿದ್ದಾರೆ. ಅದರಲ್ಲಿ ಅಪ್ಪ ಅಮ್ಮ ಇನ್ನೂ ಮಕ್ಕಳಾಗಿದ್ದಾಗಲೇ ಮದುವೆಯಾದರು ಎಂದಿದೆ. ಸಂಶೋಧಕರು ದಾಖಲೆ ಹುಡುಕಿ ನೋಡಿದರೆ ಮದುವೆಯೇ ಆಗಿರಲಿಲ್ಲ, ಅವಳು ಹುಟ್ಟಿದಾಗ ತಾಯಿಗೆ ಹತ್ತೊಂಬತ್ತು. ಹಾಗಂತ ಪುಸ್ತಕ ಸುಳ್ಳು ಎಂದು ಎಸೆಯುವಂತಿಲ್ಲ. ಅವಳು ಹಾಡನ್ನು ಬರೆದಂತೆ ಹಾಡುತ್ತಿರಲಿಲ್ಲ, ಬಾಳನ್ನೂ ನಡೆದಂತೆ ಹೇಳಲಿಲ್ಲ. ನಾನು ಆ ಪುಸ್ತಕದಿಂದ ತೆಗೆದುಕೊಂಡದ್ದನ್ನು 'ಅವಳ ಮಾತಿನಂತೆ' ಎಂದು ಗುರುತಿಸಿ ಹೇಳುತ್ತೇನೆ.

ಇನ್ನು ಹಾಡಿನ ವಿಚಾರ. ೧೯೩೩ರಲ್ಲಿ ಜಾನ್ ಹ್ಯಾಮಂಡ್ ಎಂಬ ಸಿರಿವಂತ ಮನೆತನದ ಬಿಳಿಯ ಯುವಕ ಹಾರ್ಲೆಂನಲ್ಲಿ ಅವಳನ್ನು ಕೇಳಿ ಬೆರಗಾದ. ಆ ವರ್ಷದ ನವೆಂಬರಿನಲ್ಲಿ ಬೆನ್ನಿ ಗುಡ್‌ಮನ್ನನ ಮೇಳದ ಜೊತೆ ಅವಳ ಮೊದಲ ಮುದ್ರಣವಾಯಿತು. ಅದು ಅಂಥದ್ದೇನಲ್ಲ, ಹುಡುಗಿ ಹೆದರಿದ್ದಾಳೆ ಅಂತ ಗೊತ್ತಾಗುತ್ತೆ. ನಿಜವಾದ ಬಿಲ್ಲಿ ಸಿಗುವುದು ೧೯೩೫ರ ಜುಲೈನಿಂದ, ಟೆಡ್ಡಿ ವಿಲ್ಸನ್ನನ ಜೊತೆಯ ಮುದ್ರಣಗಳಲ್ಲಿ. ಆಗಿನ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ಅಷ್ಟರಲ್ಲಿ ವಾದ್ಯಗಾರರು ತಮ್ಮ ಪಾಲು ನುಡಿಸಬೇಕು, ಇವಳಿಗೆ ಒಂದು ಸುತ್ತು ಹಾಡಲು ಜಾಗ. ಒಳ್ಳೆಯ ಹಾಡುಗಳು ಬಿಳಿಯ ತಾರೆಗಳಿಗೆ ಹೋಗಿ, ಉಳಿದ ಸವಕಲು ಹಾಡುಗಳು ಇವರ ಪಾಲಿಗೆ. ದುಡ್ಡೂ ಒಂದೇ ಗಂಟು. ತಟ್ಟೆ ಎಷ್ಟು ಮಾರಿದರೂ ಗೌರವಧನ ಇಲ್ಲ.

ಅವಳದು ದೊಡ್ಡ ಶಾರೀರವಲ್ಲ. ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಅದರ ಹರವು. ಬೆಸ್ಸಿ ಸ್ಮಿತ್ ಮೈಕಿಲ್ಲದೆ ಗುಡಾರ ತುಂಬಿಸುವ ಗಂಟಲಿನವಳು. ಇವಳಿಗೆ ಮೈಕು ಬೇಕು. ಆದರೆ ಮೈಕಿನಿಂದ ಏನು ಮಾಡಬಹುದು ಅನ್ನೋದನ್ನು ಇವಳಷ್ಟು ಚೆನ್ನಾಗಿ ಅರಿತವರು ಆಗ ಕಡಿಮೆ. ಕಿವಿಯ ಪಕ್ಕ ಕೂತು ಮಾತಾಡಿದ ಹಾಗೆ ಹಾಡುತ್ತಾಳೆ.

ನನಗೆ ಮೊದಮೊದಲು ಅರ್ಥವಾಗದೇ ಹೋದದ್ದು ಅವಳ ಲಯ. ಇವಳು ತಾಳ ತಪ್ಪುತ್ತಿದ್ದಾಳೆ ಅಂತಲೇ ಅನ್ನಿಸಿತ್ತು. ನಮ್ಮ ಕರ್ನಾಟಕ ಸಂಗೀತದಲ್ಲಿ 'ಎಡುಪು' ಅನ್ನುತ್ತೇವಲ್ಲ, ತಾಳ ಶುರುವಾಗಿ ಅರ್ಧ ಎಣಿಕೆಯೋ ಮುಕ್ಕಾಲು ಎಣಿಕೆಯೋ ಕಳೆದ ಮೇಲೆ ಸಾಹಿತ್ಯ ಹಿಡಿಯೋದು, ಅದನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಆ ಜಾಗ ಗೊತ್ತಾದದ್ದು. ಕೀರ್ತನೆಯ ಜೊತೆಗೇ ಹುಟ್ಟಿದ್ದು. ಬಿಲ್ಲಿಯದು ಗೊತ್ತಾದ ಜಾಗವಲ್ಲ. ಮೃದಂಗದ ಕೆಲಸ ಮಾಡುವ ಡ್ರಮ್ಮು, ದಪ್ಪ ತಂತಿಯ ಬೇಸು ಗಡಿಯಾರದ ಹಾಗೆ ನಡೆಯುತ್ತಿರುತ್ತವೆ. ಇವಳು ಸಾಲನ್ನು ಬೇಕೆಂದೇ ತಡವಾಗಿ ಎತ್ತಿಕೊಳ್ಳುತ್ತಾಳೆ, ಒಂದು ಪದವನ್ನು ಎಳೆಯುತ್ತಾಳೆ, ಮುಂದಿನ ನಾಲ್ಕು ಪದಗಳನ್ನು ಗಡಿಬಿಡಿಯಲ್ಲಿ ಸುರಿದು ಕೊನೆಗೆ ಸರಿಯಾದ ಕಡೆ ಬಂದು ನಿಲ್ಲುತ್ತಾಳೆ. ಬಸ್ಸು ಹೊರಟ ಮೇಲೆ ಅವಸರವಿಲ್ಲದೆ ನಡೆದು ಬಂದು ಹತ್ತುವವರಿರುತ್ತಾರಲ್ಲ, ಹಾಗೆ. ಆ ತಡದಲ್ಲಿಯೇ ಅರ್ಥವಿರುವುದು. ಕವಿ ಸುಮ್ಮನೆ ಪ್ರಾಸಕ್ಕೆ ಬರೆದ ಪ್ರೀತಿಯ ಮಾತನ್ನು ಅವಳು ಅಷ್ಟು ತಡೆದು ಹೇಳಿದಾಗ, ಹೇಳುವ ಮೊದಲು ಯೋಚಿಸಿದಳು, ನಂಬಲೋ ಬೇಡವೋ ಎಂದು ಅನುಮಾನಿಸಿದಳು ಅನ್ನಿಸುತ್ತದೆ. ಸವಕಲು ಹಾಡು ಅನುಭವವಾಗುವುದು ಹೀಗೆ.

ಇನ್ನೊಂದು, ಸಂಯೋಜಕ ಏರಿಳಿತವಿಟ್ಟು ಕಟ್ಟಿದ ಮಟ್ಟನ್ನು ಇವಳು ಚಪ್ಪಟೆ ಮಾಡಿ ಮೂರು ನಾಲ್ಕು ಸ್ವರಗಳಲ್ಲೇ ಮುಗಿಸಿಬಿಡುತ್ತಾಳೆ. ಹಾಡು ಮಾತಿನ ಹತ್ತಿರ ಬರುತ್ತದೆ. ಭಾವಗೀತೆಯ ಹೆಸರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ಸಂಗತಿ ಹಾಕುವ ನಮ್ಮ ಕೆಲವು ಗಾಯಕರು ಇದನ್ನೊಮ್ಮೆ ಕೇಳಬೇಕು ಅಂತ ನನ್ನ ಆಸೆ. (ಇದಕ್ಕೆ ಯಾರೂ ಸಿಟ್ಟಾಗಬಾರದು.)

ಈ ಮುದ್ರಣಗಳಲ್ಲಿ ಅವಳಿಗೆ ಸರಿಜೋಡಿಯಾಗಿ ಸಿಕ್ಕವನು ಲೆಸ್ಟರ್ ಯಂಗ್. ಟೆನರ್ ಸ್ಯಾಕ್ಸೊಫೋನ್ ನುಡಿಸುವವನು. ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿ ನಾವು ಕೇಳಿದ ವಾದ್ಯದ ಅಣ್ಣ ಅದು, ಸ್ವಲ್ಪ ತಗ್ಗು ದನಿಯದು. ಅವಳು ಹಾಡುವಾಗ ಅವನು ಹಿಂದೆ ಸಣ್ಣಗೆ ನುಡಿಸುತ್ತಾನೆ, ಅವಳು ಉಸಿರು ತೆಗೆದುಕೊಳ್ಳುವ ಕಡೆ ಒಂದು ಮಾತು ಸೇರಿಸುತ್ತಾನೆ. ಯಾರು ಹಾಡಿದ್ದು ಯಾರು ನುಡಿಸಿದ್ದು ಅಂತ ಒಮ್ಮೊಮ್ಮೆ ಮರೆತುಹೋಗುತ್ತದೆ. ಅವಳಿಗೆ 'ಲೇಡಿ ಡೇ' ಎಂದು ಹೆಸರಿಟ್ಟವನು ಅವನೇ. ಅವನನ್ನು 'ಪ್ರೆಸ್', ಅಂದರೆ ಅಧ್ಯಕ್ಷ, ಎಂದು ಕರೆದವಳು ಅವಳು. ಅವರದು ಪ್ರೇಮವಲ್ಲ, ಗಾಢವಾದ ಗೆಳೆತನ.

೧೯೩೭ರಲ್ಲಿ ಕೌಂಟ್ ಬೇಸಿಯ ಮೇಳದಲ್ಲಿ, ೧೯೩೮ರಲ್ಲಿ ಆರ್ಟಿ ಶಾ ಎಂಬ ಬಿಳಿಯನ ಮೇಳದಲ್ಲಿ ಊರೂರು ತಿರುಗಿದಳು. ಬೇಸಿಯ ಜೊತೆ ಡೆಟ್ರಾಯಿಟ್‌ಗೆ ಹೋದಾಗ, ಅವಳ ಮಾತಿನಂತೆ, ನಾಟಕಶಾಲೆಯವರು ಅವಳ ಮುಖಕ್ಕೆ ಕಪ್ಪು ಬಣ್ಣ ಬಳಿಸಿದರು. ಅವಳ ಬಣ್ಣ ಸ್ವಲ್ಪ ತಿಳಿ. ಕರಿಯರ ಮೇಳದಲ್ಲಿ ಬಿಳಿಯ ಹೆಂಗಸು ನಿಂತಿದ್ದಾಳೆಂದು ಜನ ತಪ್ಪು ತಿಳಿದುಕೊಂಡಾರು ಅಂತ ಹೆದರಿಕೆ! ಶಾನ ಮೇಳದಲ್ಲಿ ಸಮಸ್ಯೆ ತಿರುಗುಮುರುಗು. ಊಟದ ಹೋಟೆಲು, ಮಲಗುವ ಕೋಣೆ, ಪಾಯಖಾನೆ, ಎಲ್ಲ ಕಡೆ ಅಡ್ಡಿ. ಕೊನೆಗೆ ನ್ಯೂಯಾರ್ಕಿನಲ್ಲೇ, ಮೇಳದ ಹೆಸರಾಂತ ಗಾಯಕಿಗೆ ಹೋಟೆಲಿನವರು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬರಬೇಕೆಂದರು. ಆ ಹೋಟೆಲಿನ ಹೆಸರು ಲಿಂಕನ್. ಅವಳು ಮೇಳ ಬಿಟ್ಟಳು.

ಬಿಟ್ಟು ಬಂದದ್ದು ಗ್ರೀನಿಚ್ ವಿಲೇಜಿನ 'ಕೆಫೆ ಸೊಸೈಟಿ'ಗೆ. ೧೯೩೮ರ ಕೊನೆಗೆ ಬಾರ್ನಿ ಜೋಸೆಫ್‌ಸನ್ ತೆರೆದ ಈ ಜಾಗದಲ್ಲಿ ಕರಿಯರೂ ಬಿಳಿಯರೂ ಒಂದೇ ಸಾಲಿನಲ್ಲಿ ಕೂರಬಹುದಾಗಿತ್ತು. ಅಂದಿನ ನ್ಯೂಯಾರ್ಕಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಸಹಪಂಕ್ತಿ ಭೋಜನದ ಚಳವಳಿಗಳನ್ನು ನೆನೆದರೆ ಅದರ ಭಾರ ತಿಳಿಯುತ್ತದೆ. ಅಲ್ಲಿಗೆ ಒಬ್ಬ ಶಾಲಾ ಮಾಸ್ತರು ಒಂದು ಹಾಡು ಹಿಡಿದುಕೊಂಡು ಬಂದ. ಹೆಸರು ಏಬಲ್ ಮೀರೊಪೊಲ್, ಯಹೂದಿ, ಕಮ್ಯೂನಿಸ್ಟ್, ಬ್ರಾಂಕ್ಸ್‌ನ ಹೈಸ್ಕೂಲಿನಲ್ಲಿ ಪಾಠ ಹೇಳುವವನು. (ಮುಂದೆ ೧೯೫೩ರಲ್ಲಿ ಗೂಢಚರ್ಯೆಯ ಆರೋಪದ ಮೇಲೆ ರೋಸೆನ್‌ಬರ್ಗ್ ದಂಪತಿಗಳಿಗೆ ಮರಣದಂಡನೆಯಾದಾಗ ಅವರ ಇಬ್ಬರು ಗಂಡುಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದವನು ಇವನೇ.)

ಹಾಡಿನ ಹಿಂದೆ ಒಂದು ಫೋಟೋ ಇದೆ. ೧೯೩೦ರ ಆಗಸ್ಟ್ ೭ರ ರಾತ್ರಿ, ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಜನ ಜೈಲಿಗೆ ನುಗ್ಗಿ ಥಾಮಸ್ ಶಿಪ್, ಏಬ್ರಮ್ ಸ್ಮಿತ್ ಎಂಬ ಇಬ್ಬರು ಕರಿಯ ಯುವಕರನ್ನು ಎಳೆದು ತಂದು ಮರಕ್ಕೆ ನೇತುಹಾಕಿದರು. ಊರಿನ ಫೋಟೋಗ್ರಾಫರು ಚಿತ್ರ ತೆಗೆದ. ಅದರ ಸಾವಿರಾರು ಪ್ರತಿಗಳು ಮಾರಾಟವಾದವು. ನಾನು ಆ ಚಿತ್ರ ನೋಡಿದ್ದೇನೆ. ನೇತಾಡುತ್ತಿರುವ ದೇಹಗಳಿಗಿಂತ ನನ್ನನ್ನು ಹೆದರಿಸಿದ್ದು ಕೆಳಗೆ ನಿಂತ ಜನ. ಗಂಡಸರು, ಹೆಂಗಸರು, ಒಳ್ಳೇ ಬಟ್ಟೆ ತೊಟ್ಟವರು, ಕ್ಯಾಮರಾ ನೋಡಿ ನಗುತ್ತಿರುವವರು. ಜಾತ್ರೆಗೆ ಬಂದ ಹಾಗೆ. ವಿಚಾರಣೆಯಿಲ್ಲದೆ ಗುಂಪು ಕೊಲ್ಲುವ ಇದಕ್ಕೆ ಅವರ ಭಾಷೆಯಲ್ಲಿ 'ಲಿಂಚಿಂಗ್' ಎಂದು ಹೆಸರು. ಟಸ್ಕೀಗೀ ಸಂಸ್ಥೆ ಇಟ್ಟ ಲೆಕ್ಕದಂತೆ ೧೮೮೨ರಿಂದ ೧೯೬೮ರವರೆಗೆ ಅಮೆರಿಕದಲ್ಲಿ ಹೀಗೆ ಸತ್ತವರು ೪೭೪೩ ಜನ; ಅದರಲ್ಲಿ ೩೪೪೬ ಜನ ಕರಿಯರು.

ಮೀರೊಪೊಲ್ ೧೯೩೭ರಲ್ಲಿ ಮಾಸ್ತರರ ಸಂಘದ ಪತ್ರಿಕೆಯಲ್ಲಿ ಇದರ ಬಗ್ಗೆ ಕವಿತೆ ಪ್ರಕಟಿಸಿದ್ದ. ಆಮೇಲೆ ತಾನೇ ರಾಗ ಹಾಕಿದ. ಅದೇ 'ಸ್ಟ್ರೇಂಜ್ ಫ್ರೂಟ್', ವಿಚಿತ್ರ ಹಣ್ಣು. ತೆಂಕಣ ರಾಜ್ಯಗಳ ಸುಂದರ ತೋಟದ ವರ್ಣನೆಯ ಹಾಗೆ ಶುರುವಾಗುತ್ತದೆ. ಮರದಲ್ಲಿ ತೂಗುತ್ತಿರುವ ಹಣ್ಣು ಯಾವುದು ಅಂತ ತಿಳಿಯುವ ಹೊತ್ತಿಗೆ ಕೇಳುವವನು ತಪ್ಪಿಸಿಕೊಳ್ಳುವಂತಿಲ್ಲ. ಹನ್ನೆರಡೇ ಸಾಲು. ಸಿಟ್ಟಿನ ಮಾತು ಒಂದೂ ಇಲ್ಲ. (ರಾಗ ಹಾಕಿದ್ದರಲ್ಲಿ ತನಗೂ ಪಾಲಿದೆಯೆಂದು ಬಿಲ್ಲಿ ತನ್ನ ಪುಸ್ತಕದಲ್ಲಿ ಹೇಳಿಕೊಂಡಳು, ಅದು ಸರಿಯಲ್ಲ, ಅವಳ ಕೈಗೆ ಬರುವ ಮೊದಲೇ ಬೇರೆಯವರು ಹಾಡುತ್ತಿದ್ದರು.) ಅವಳ ಮಾತಿನಂತೆ, ಈ ಹಾಡು ಅವಳಿಗೆ ಅಪ್ಪನ ಸಾವನ್ನು ನೆನಪಿಸುತ್ತಿತ್ತು. ಕ್ಲಾರೆನ್ಸ್ ೧೯೩೭ರಲ್ಲಿ ಟೆಕ್ಸಸ್‌ನಲ್ಲಿ ನ್ಯುಮೋನಿಯಾದಿಂದ ಸತ್ತ; ಕರಿಯನೆಂದು ಆಸ್ಪತ್ರೆಗಳು ಬೇಗ ಒಳಗೆ ಸೇರಿಸಲಿಲ್ಲ ಎಂಬುದು ಅವಳ ನಂಬಿಕೆ.

ಜೋಸೆಫ್‌ಸನ್ ಒಂದು ಕ್ರಮ ಮಾಡಿದ. ಇದು ರಾತ್ರಿಯ ಕೊನೆಯ ಹಾಡು. ಶುರುವಾಗುವ ಮೊದಲು ಮಾಣಿಗಳು ಬಡಿಸುವುದನ್ನು ನಿಲ್ಲಿಸಬೇಕು, ಗಲ್ಲಾಪೆಟ್ಟಿಗೆ ಸದ್ದು ಮಾಡಕೂಡದು, ದೀಪಗಳೆಲ್ಲ ಆರಬೇಕು, ಅವಳ ಮುಖದ ಮೇಲೆ ಮಾತ್ರ ಒಂದು ಬೆಳಕು. ಹಾಡು ಮುಗಿದೊಡನೆ ಆ ಬೆಳಕೂ ಆರುತ್ತದೆ. ದೀಪ ಹತ್ತಿದಾಗ ಅವಳು ಅಲ್ಲಿರುವುದಿಲ್ಲ. ಎಷ್ಟೇ ಚಪ್ಪಾಳೆ ಹೊಡೆದರೂ ತಿರುಗಿ ಬರುವುದಿಲ್ಲ. ಎದ್ದು ಹೋದವರೂ ಇದ್ದರಂತೆ, ಇರಬೇಕಾದದ್ದೇ.

ಅವಳ ತಟ್ಟೆ ತೆಗೆಯುತ್ತಿದ್ದ ಕೊಲಂಬಿಯಾ ಕಂಪನಿ ಈ ಹಾಡು ಬೇಡವೆಂದಿತು. ಆಗ ಮಿಲ್ಟ್ ಗೇಬ್ಲರ್ ಎಂಬುವನು, ಅಂಗಡಿಯಿಟ್ಟು ರೆಕಾರ್ಡು ಮಾರಿಕೊಂಡಿದ್ದವನು, ತನ್ನ ಪುಟ್ಟ ಕೊಮೊಡೋರ್ ಕಂಪನಿಗೆ ಮುದ್ರಿಸಿದ. ದಿನ ೧೯೩೯ರ ಏಪ್ರಿಲ್ ೨೦. ಅವಳಿಗೆ ಆಗ ತಾನೇ ಇಪ್ಪತ್ತನಾಲ್ಕು ತುಂಬಿತ್ತು. ಆ ತಟ್ಟೆಯ ಹಿಂಬದಿಯಲ್ಲಿ ಅವಳೇ ಕಟ್ಟಿದ ಬ್ಲೂಸ್ 'ಫೈನ್ ಅಂಡ್ ಮೆಲೋ' ಇತ್ತು. ಮುಂಬದಿ ಕೇಳಲು ಧೈರ್ಯವಿಲ್ಲದವರು ಹಿಂಬದಿ ಕೇಳಿದರು.

ಆ ಹಾಡಿನ ಬಗ್ಗೆ ಟೀಕೆಯೂ ಉಂಟು. ಜಾನ್ ಹ್ಯಾಮಂಡನಿಗೇ ಅದು ಹಿಡಿಸಲಿಲ್ಲ. ಅದರ ನಂತರ ಅವಳು ಭಂಗಿಯ ಗಾಯಕಿಯಾದಳು, ಹಳೆಯ ಆಟ ಹೋಯಿತು ಅಂತ ಅವನ ದೂರು. ಈ ಮಾತನ್ನು ತಳ್ಳಿಹಾಕಲು ನನಗೆ ಪೂರ್ತಿ ಸಾಧ್ಯವಾಗಿಲ್ಲ. 'ಸ್ಟ್ರೇಂಜ್ ಫ್ರೂಟ್'ನಲ್ಲಿ ಲಯದ ಆ ಚೇಷ್ಟೆ ಇಲ್ಲ, ನಗುವಿಲ್ಲ. ಆದರೆ ಹೆಣ ನೇತಾಡುವ ಮರದ ಕೆಳಗೆ ಚೇಷ್ಟೆ ಮಾಡಬೇಕೆಂದು ಕೇಳುವುದೂ ಹೇಗೆ? ತನ್ನ ಕೈಲಿದ್ದ ಒಂದು ಕಲೆಯನ್ನು ಆ ಮೂರು ನಿಮಿಷ ಬೇಕೆಂದೇ ಬದಿಗಿಟ್ಟಳು. ಲಿಂಚಿಂಗನ್ನು ಕೇಂದ್ರ ಸರಕಾರದ ಅಪರಾಧವಾಗಿಸಬೇಕೆಂಬ ಮಸೂದೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಮೊದಲು ಬಂದದ್ದು ೧೯೦೦ರಲ್ಲಿ. ಕಾಯಿದೆಯಾದದ್ದು ೨೦೨೨ರ ಮಾರ್ಚಿನಲ್ಲಿ. ನಡುವೆ ಈ ಹಾಡು ಇತ್ತು.

ನಲವತ್ತರ ದಶಕದಲ್ಲಿ ಅವಳಿಗೆ ಹೆಸರೂ ಬಂತು, ಹಣವೂ ಬಂತು, ಹೆರಾಯಿನ್ ಚಟವೂ ಬಂತು. ಅವಳ ಗಂಡಂದಿರು, ಗೆಳೆಯರು ಬಹುಪಾಲು ಅವಳ ಗಳಿಕೆಯ ಮೇಲೆ ಬದುಕಿದವರು. ಇದರ ವಿವರಗಳನ್ನು ಸಿನಿಮಾದವರು ಸಾಕಷ್ಟು ತೋರಿಸಿದ್ದಾರೆ, ನಾನು ಬರೆಯೋದಿಲ್ಲ. ೧೯೪೭ರಲ್ಲಿ ಬಂಧನ, ಒಂದು ವರ್ಷ ಒಂದು ದಿನದ ಶಿಕ್ಷೆ, ಪಶ್ಚಿಮ ವರ್ಜೀನಿಯಾದ ಆಲ್ಡರ್‌ಸನ್ ಜೈಲು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೪೮ರ ಮಾರ್ಚ್ ೨೭ರಂದು, ಕಾರ್ನೆಗೀ ಹಾಲಿನಲ್ಲಿ ಹಾಡಿದಾಗ ಜಾಗ ಸಾಲದೆ ವೇದಿಕೆಯ ಮೇಲೂ ಜನರನ್ನು ಕೂರಿಸಬೇಕಾಯಿತು.

ಆದರೆ ನಿಜವಾದ ಶಿಕ್ಷೆ ಜೈಲಿನ ಹೊರಗಿತ್ತು. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಜಾಗದಲ್ಲಿ ಹಾಡಬೇಕಾದರೆ ಪೊಲೀಸರು ಕೊಡುವ 'ಕ್ಯಾಬರೆ ಕಾರ್ಡು' ಬೇಕು. ಶಿಕ್ಷೆಯಾದ ಮೇಲೆ ಅವಳಿಗೆ ಅದು ಸಿಗಲಿಲ್ಲ. ಯೋಚಿಸಿ ನೋಡಿ: ಮೂರು ಸಾವಿರ ಜನರ ಕಾರ್ನೆಗೀ ಹಾಲಿನಲ್ಲಿ ಹಾಡಬಹುದು, ನಲವತ್ತು ಜನರ ಕ್ಲಬ್ಬಿನಲ್ಲಿ ಹಾಡುವಂತಿಲ್ಲ. ಅವಳ ಹಾಡು ಹುಟ್ಟಿದ್ದೇ ಆ ನಲವತ್ತು ಜನರ ಕೋಣೆಗಾಗಿ. ಸಾಯುವವರೆಗೂ, ಹನ್ನೆರಡು ವರ್ಷ, ಈ ಬಾಗಿಲು ಮುಚ್ಚೇ ಇತ್ತು. ಆ ಪದ್ಧತಿ ರದ್ದಾದದ್ದು ೧೯೬೭ರಲ್ಲಿ. ಮಾದಕದ್ರವ್ಯ ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್ ಅವಳನ್ನು ಬೆನ್ನುಹತ್ತಿದ್ದು ಆ ಹಾಡಿಗಾಗಿಯೇ ಎಂದು ಈಚೆಗೆ ಬಹಳ ಜನ ಬರೆಯುತ್ತಾರೆ. ಅಷ್ಟು ನೇರವಾಗಿ ಹೇಳಲು ಪುರಾವೆ ಸಾಲದು ಅಂತ ನನಗನ್ನಿಸುತ್ತದೆ. ಇಲಾಖೆ ಅವಳನ್ನು ಬೆನ್ನುಹತ್ತಿದ್ದಂತೂ ದಿಟ. ಅವಳನ್ನು ರೋಗಿ ಎನ್ನದೆ ಕಳ್ಳಿ ಎಂದು ಕಂಡದ್ದೂ ದಿಟ.

೧೯೫೭ರ ಡಿಸೆಂಬರ್ ೮ರಂದು ಸಿ.ಬಿ.ಎಸ್. ಟೆಲಿವಿಷನ್ನಿನಲ್ಲಿ 'ದಿ ಸೌಂಡ್ ಆಫ್ ಜಾಝ್' ಎಂಬ ಕಾರ್ಯಕ್ರಮವಾಯಿತು. ಅದರ ಚಿತ್ರ ಉಳಿದಿದೆ, ಯಾರು ಬೇಕಾದರೂ ನೋಡಬಹುದು. ಅವಳು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾಳೆ, ಸುತ್ತ ವಾದ್ಯಗಾರರು. ಹಾಡು ಅದೇ 'ಫೈನ್ ಅಂಡ್ ಮೆಲೋ'. ಹನ್ನೆರಡು ಆವರ್ತದ ಬ್ಲೂಸ್. ಅವಳೊಂದು ಸುತ್ತು ಹಾಡಿದರೆ ಅವರಲ್ಲೊಬ್ಬರು ಒಂದು ಸುತ್ತು ನುಡಿಸುತ್ತಾರೆ. ಬೆನ್ ವೆಬ್‌ಸ್ಟರ್ ಮುಗಿಸಿದ ಮೇಲೆ ಲೆಸ್ಟರ್ ಯಂಗ್ ಎದ್ದು ನಿಲ್ಲುತ್ತಾನೆ. ಅವನಿಗೆ ಮೈ ಸರಿಯಿಲ್ಲ. ಇಬ್ಬರ ನಡುವೆ ವರ್ಷಗಳಿಂದ ಹಳೆಯ ಬಳಕೆ ಉಳಿದಿರಲಿಲ್ಲ. ಅವನು ನುಡಿಸುವುದು ಕೆಲವೇ ಸ್ವರ, ಒಂದೊಂದರ ನಡುವೆ ಬೇಕಾದಷ್ಟು ಖಾಲಿ. ಕ್ಯಾಮರಾ ಅವಳ ಮುಖಕ್ಕೆ ತಿರುಗುತ್ತದೆ. ಅವಳು ತಲೆಯಾಡಿಸುತ್ತಾಳೆ, ತುಟಿಯಲ್ಲಿ ಸಣ್ಣ ನಗು. ಹೌದು, ಹಾಗೇ, ನೀನು ಹೇಳೋದು ನನಗೆ ಗೊತ್ತು ಅನ್ನುವ ಹಾಗೆ. ಇದರ ಬಗ್ಗೆ ಇನ್ನೂ ಬರೆದರೆ ಕೆಡಿಸಿದಂತೆ.

೧೯೫೮ರಲ್ಲಿ ತಂತಿವಾದ್ಯಗಳ ದೊಡ್ಡ ಮೇಳದೊಂದಿಗೆ 'ಲೇಡಿ ಇನ್ ಸ್ಯಾಟಿನ್' ಹಾಡಿದಳು. ಧ್ವನಿ ಒಡೆದಿದೆ, ಕೆಲವು ಕಡೆ ಬರೀ ಗೊರಗೊರ. ಮೇಳ ನಡೆಸಿದ ರೇ ಎಲಿಸ್‌ಗೇ ಮೊದಲು ನಿರಾಸೆಯಾಯಿತು. ಆಮೇಲೆ ಕೂತು ಕೇಳಿದಾಗ ಅಭಿಪ್ರಾಯ ಬದಲಾಯಿಸಿಕೊಂಡ. ಅದೇ ಅವಳ ಶ್ರೇಷ್ಠ ಕೃತಿ ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ನೋವೇ ಕಲೆ ಎಂದು ನಂಬುವವರಿಗೆ ಅದು ಪ್ರಿಯ. ೧೯೩೭ರ ಆ ಅಗ್ಗದ ತಟ್ಟೆಗಳಲ್ಲಿ ನಗುನಗುತ್ತ ಲಯವನ್ನು ಆಡಿಸಿದ ಹುಡುಗಿಯೇ ದೊಡ್ಡ ಕಲಾವಿದೆ ಅಂತ ನನ್ನ ಎಣಿಕೆ. ಅವಳನ್ನು ಬರೀ ದುರಂತ ನಾಯಕಿಯಾಗಿ ನೋಡಿದರೆ ಆ ಹುಡುಗಿಯ ಬುದ್ಧಿ, ಚಾಣಾಕ್ಷತೆ ಎಲ್ಲ ನಮ್ಮ ಅನುಕಂಪದಲ್ಲಿ ಮುಳುಗಿಹೋಗುತ್ತವೆ.

೧೯೫೯ರ ಮಾರ್ಚ್ ೧೫ರಂದು ಲೆಸ್ಟರ್ ತೀರಿಕೊಂಡ. ಮೇ ತಿಂಗಳ ಕೊನೆಗೆ ಬಿಲ್ಲಿ ಕುಸಿದುಬಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಸ್ಪತ್ರೆ ಸೇರಿದಳು. ಅಲ್ಲಿ ಮಾದಕವಸ್ತು ಸಿಕ್ಕಿತೆಂದು ಹಾಸಿಗೆಯಲ್ಲೇ ಅವಳನ್ನು ಬಂಧಿಸಿ, ಬಾಗಿಲಿಗೆ ಪೊಲೀಸ್ ಕಾವಲು ಹಾಕಿದರು. ಹನ್ನೊಂದು ವರ್ಷದ ಹುಡುಗಿಯನ್ನು ಸಾಕ್ಷಿಯೆಂದು ಕೂಡಿಹಾಕಿದ ಹಾಗೆಯೇ ಇದೂ. ಜುಲೈ ೧೭ರಂದು ತೀರಿಕೊಂಡಳು. ವಯಸ್ಸು ನಲವತ್ತನಾಲ್ಕು. ಬ್ಯಾಂಕಿನಲ್ಲಿ ಇದ್ದದ್ದು ಎಪ್ಪತ್ತು ಸೆಂಟು. ಮೈಮೇಲೆ ಅಡಗಿಸಿಟ್ಟುಕೊಂಡದ್ದು ಏಳುನೂರೈವತ್ತು ಡಾಲರು.

ಪ್ರಶ್ನೆ ಕೇಳಿದ ಮಿತ್ರರು ಮುಂದಿನ ಸಭೆಗೆ ಅರ್ಧ ಗಂಟೆ ಮೊದಲೇ ಬಂದರೆ ಆ ಟೆಲಿವಿಷನ್ ಚಿತ್ರ ತೋರಿಸುತ್ತೇನೆ. ಎಂಟು ಒಂಬತ್ತು ನಿಮಿಷದ್ದು. ಲೆಸ್ಟರ್ ಎದ್ದು ನಿಂತಾಗ ಮಾತ್ರ ಯಾರೂ ಚಹಾ ತರಬಾರದು.